ಖಾಲಿ ಬಿಟ್ಟ ಸೊನ್ನೆ

ಮರದ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಾಗ ಅದರ ಹಿಂದೆ ನೀಲಿ ಕೇಬಲ್ ಒಂದು ಕಾಣಿಸಿತು. ಅದನ್ನು ಅಲ್ಲಿ ಎಳೆದವನು ನಾನಲ್ಲ.

ಈ ಆಸ್ಪತ್ರೆಯ ಏಳು ಮಹಡಿಗಳಲ್ಲಿ ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಜಂಬವಲ್ಲ. ಹದಿನಾಲ್ಕು ವರ್ಷ ಅವುಗಳ ಜೊತೆಯೇ ಕಳೆದವನಿಗೆ ಅಷ್ಟಾದರೂ ಗೊತ್ತಿರಬೇಡವೇ? ಇಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿಲ್ಲ, ‘ಕೇಬಲ್ ಸಾರ್’ ಎನ್ನುತ್ತಾರೆ. ಅರ್ಧ ಜನ ನನ್ನನ್ನು ಟಿ.ವಿ. ರಿಪೇರಿಯವನು ಎಂದುಕೊಂಡಿದ್ದಾರೆ. ನೆಟ್‌ವರ್ಕ್ ಕೆಟ್ಟಾಗ ಬೈಯಲು ನೆನಪಾಗುತ್ತೇನೆ, ಸರಿಯಿದ್ದಾಗ ನಾನು ಇದ್ದೂ ಇಲ್ಲ.

ನಾನು ನಿಂತಿದ್ದದ್ದು ನೆಲಮಹಡಿಯ ಹಳೆಯ ಬಟ್ಟೆ ಕೋಣೆಯಲ್ಲಿ. ಮೇಲಿನ ವಾರ್ಡುಗಳಿಂದ ಮಾಸಿದ ಹೊದಿಕೆಗಳು ಜಾರಿ ಬೀಳುವ ತಗಡಿನ ಕೊಳವೆಯ ಬಾಯಿ ಗೋಡೆಯಲ್ಲಿ ಇನ್ನೂ ಹಾಗೇ ಇತ್ತು. ಒಗೆಯುವ ಕೆಲಸ ಹೊರಗಿನವರ ಪಾಲಾದ ಮೇಲೆ ಈ ಕೋಣೆಗೆ ಬರುವವರಿಲ್ಲ.

ಕೇಬಲ್ಲಿನ ಜಾಡು ಹಿಡಿದು ಕಪಾಟಿನ ಅಡಿಗೆ ಕೈ ಹಾಕಿದೆ. ತಣ್ಣಗಿನ ಕಬ್ಬಿಣದ ಡಬ್ಬಿಯೊಂದು ಕೈಗೆ ತಗುಲಿತು. ಎಂಟು ತೂತುಗಳ ಪುಟ್ಟ ಸ್ವಿಚ್. ಕರೆಂಟಿನ ಪ್ಲಗ್ಗನ್ನು ಯಾರೋ ಕಿತ್ತಿದ್ದರು.

“ಸಿಕ್ಕಿಬಿಟ್ಟೆಯಲ್ಲಪ್ಪಾ,” ಎಂದೆ. ಒಬ್ಬನೇ ಮಾತಾಡಿಕೊಳ್ಳುವುದು ನನಗೆ ಅಭ್ಯಾಸವಾಗಿಹೋಗಿದೆ.

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ನಲವತ್ತೇಳಕ್ಕೆ ನಾಲ್ಕನೇ ಮಹಡಿಯ ಕ್ಯಾಮೆರಾಗಳು ಐವತ್ತು ಸೆಕೆಂಡು ಕುರುಡಾಗಿದ್ದವು. ಅಷ್ಟರಲ್ಲಿ ಔಷಧಿ ಕೋಣೆಯಿಂದ ನೋವು ಮರೆಸುವ ಇಂಜೆಕ್ಷನ್ನಿನ ಒಂದು ಪೆಟ್ಟಿಗೆ, ನಲವತ್ತು ಸೀಸೆ, ಮಾಯ. ಆ ಹೊತ್ತಿಗೆ ಕೋಣೆಯ ಬೀಗ ತೆಗೆದಿದ್ದವಳು ವಾರ್ಡಿನ ಹಿರಿಯ ಸಿಸ್ಟರ್. ಇವತ್ತು ಸಂಜೆ ನಾಲ್ಕಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ಅವಳ ಮಾತು ನಂಬದಿದ್ದರೆ ಐದಕ್ಕೆ ಪೊಲೀಸರು ಬರುತ್ತಾರೆ.

ಅವಳ ಮಾತು ಇಷ್ಟೆ: “ಸ್ಕ್ರೀನುಗಳೆಲ್ಲ ಒಟ್ಟಿಗೆ ಆರಿಹೋದ್ವು ಸಾರ್. ಹನ್ನೆರಡು ಜನ ರೋಗಿಗಳು. ಯಾರಿಗೇನಾಯ್ತೋ ಅಂತ ಓಡಿದೆ. ಬಾಗಿಲು ಹಾಕ್ಬೇಕು ಅಂತ ತೋಚ್ಲಿಲ್ಲ.”

ನಾನು ನಂಬಿದೆ. ಈ ಕಟ್ಟಡದಲ್ಲಿ ನನ್ನನ್ನು ಕಂಡು ‘ಊಟ ಆಯ್ತಾ’ ಎಂದು ಕೇಳುವ ಒಂದೇ ಜೀವ ಅವಳು. ನಂಬಲು ಅದು ಸಾಕೇ ಎಂದು ನೀವು ಕೇಳಬಹುದು. ವರ್ಷಗಟ್ಟಲೆ ಯಾರೂ ಕೇಳದೇ ಇರುವವನಿಗೆ ಸಾಕು.

“ಏನ್ ಕೇಬಲ್ ಸಾರ್, ಇಲ್ಲೇನು ಕೆಲಸ?” ಬಾಗಿಲಲ್ಲಿ ಭದ್ರತಾ ಅಧಿಕಾರಿ ನಿಂತಿದ್ದ. ಮಂಗಳವಾರದಿಂದ ಈತ ಆಸ್ಪತ್ರೆಯಲ್ಲಿ ಸಿಕ್ಕಿದ ಬಾಗಿಲಿಗೆಲ್ಲ ಬೀಗ ಜಡಿಸಿದ್ದಾನೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

“ಇಲಿ ಕೇಬಲ್ ಕಡಿದಿದೆ.”

“ಸಿಕ್ತಾ ಇಲಿ?”

“ಬಾಲ ಸಿಕ್ಕಿದೆ. ತಲೆ ಹುಡುಕ್ಬೇಕು.”

ಅವನು ನಕ್ಕು ಹೊರಟುಹೋದ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನನ್ನ ಕೋಣೆಗೆ ಬಂದು ಚಿಲಕ ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ವಿಚ್ ಎಂದರೆ ದೀಪದ ಸ್ವಿಚ್ಚಲ್ಲ, ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿ. ಮಹಡಿಗೊಂದು ಇರುತ್ತದೆ. ಒಂದು ದಾರಿ ಕಡಿದರೆ ಇನ್ನೊಂದಿರಲಿ ಎಂದು ಇವುಗಳನ್ನು ಸುತ್ತುಹಾಕಿ ಕಟ್ಟುತ್ತೇವೆ. ಆದರೆ ಸುತ್ತು ಎಂದ ಮೇಲೆ ಒಳಗೆ ಬಿದ್ದ ಸುದ್ದಿ ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದು ಎಲ್ಲವನ್ನೂ ಉಸಿರುಗಟ್ಟಿಸುತ್ತದೆ. ಅದಕ್ಕೇ ಸ್ವಿಚ್ಚುಗಳು ತಮ್ಮಲ್ಲೇ ಒಬ್ಬ ಯಜಮಾನನನ್ನು ಆರಿಸಿಕೊಂಡು, ಅವನಿಂದ ಕೊಂಬೆ ಕೊಂಬೆಯಾಗಿ ದಾರಿ ಬಿಡಿಸಿಕೊಂಡು, ಹೆಚ್ಚಾದ ದಾರಿಯನ್ನು ಮುಚ್ಚಿಡುತ್ತವೆ. ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು.

ಯಜಮಾನಿಕೆಗೆ ವಯಸ್ಸು ಬೇಡ, ವಶೀಲಿ ಬೇಡ. ನಾವು ಇಟ್ಟ ಸಂಖ್ಯೆ ಯಾರದು ಎಲ್ಲಕ್ಕಿಂತ ಚಿಕ್ಕದೋ ಅವನೇ ಯಜಮಾನ.

ಅವನು ಇದ್ದಕ್ಕಿದ್ದಂತೆ ಇಲ್ಲವಾದರೆ ಉಳಿದವು ಇಪ್ಪತ್ತು ಸೆಕೆಂಡು ಅವನ ದನಿಗೆ ಕಾಯುತ್ತವೆ. ಆಮೇಲೆ ಮೂವತ್ತು ಸೆಕೆಂಡು ಸುಮ್ಮನೆ ಕೂತು ಹೊಸ ದಾರಿ ಗೊತ್ತುಮಾಡಿಕೊಳ್ಳುತ್ತವೆ. ಒಟ್ಟು ಐವತ್ತು. ಅಷ್ಟು ಹೊತ್ತು ಕ್ಯಾಮೆರಾ ಕುರುಡು, ಸ್ಕ್ರೀನ್ ಕಪ್ಪು. ಇದು ಹಳೆಯ ಪದ್ಧತಿ. ಎರಡೇ ಸೆಕೆಂಡಿನಲ್ಲಿ ಮುಗಿಯುವ ಹೊಸ ಪದ್ಧತಿ ಬಂದು ಎಷ್ಟೋ ವರ್ಷವಾಯಿತು. ಅದಕ್ಕೆ ಬದಲಿಸೋಣ ಎಂದು ನಾನು ಮೂರು ಸಲ ಬರೆದುಕೊಟ್ಟಿದ್ದೆ. ಅರ್ಧ ಗಂಟೆ ನೆಟ್‌ವರ್ಕ್ ನಿಲ್ಲಿಸಬೇಕಾಗುತ್ತದೆ ಎಂದು ಮೂರು ಸಲವೂ ಬೇಡವೆಂದರು.

ಅಂದರೆ ಯಾರೋ ಈ ಪುಟ್ಟ ಡಬ್ಬಿಯನ್ನು ಮಂಗಳವಾರ ನಮ್ಮ ಸುತ್ತಿಗೆ ಸೇರಿಸಿ, ಅದಕ್ಕೆ ಯಜಮಾನಿಕೆ ಕೊಡಿಸಿ, ಬೇಕಾದ ಗಳಿಗೆಗೆ ಪ್ಲಗ್ ಕಿತ್ತು ಕೊಂದಿದ್ದರು. ಎಲ್ಲವೂ ಐವತ್ತು ಸೆಕೆಂಡಿಗಾಗಿ.

ಡಬ್ಬಿಗೆ ಕರೆಂಟ್ ಕೊಟ್ಟು, ಬೇರೆ ಯಾವುದಕ್ಕೂ ಸೇರಿಸದೆ, ನನ್ನ ಲ್ಯಾಪ್‌ಟಾಪಿನಿಂದ ಅದರ ಹೊಟ್ಟೆಯೊಳಗೆ ಇಣುಕಿದೆ. ಸಂಖ್ಯೆ ಸೊನ್ನೆ ಇರುತ್ತದೆಂದು ಗೊತ್ತೇ ಇತ್ತು. ಗೆಲ್ಲಲೇಬೇಕೆಂದು ಬಂದವನಿಗೆ ಸೊನ್ನೆಗಿಂತ ಖಾತ್ರಿ ಯಾವುದಿದೆ?

ಸೊನ್ನೆ ಇರಲಿಲ್ಲ. 4096 ಇತ್ತು.

ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಆಗಲೂ 4096.

ಈ ಸಂಖ್ಯೆಗಳನ್ನು ಮನಸ್ಸಿಗೆ ಬಂದಂತೆ ಇಡಲಾಗದು. ಇವಕ್ಕೆ ಮೆಟ್ಟಿಲುಗಳಿವೆ. ನಮ್ಮ ಆಸ್ಪತ್ರೆಯ ಯಜಮಾನನ ಸಂಖ್ಯೆ 8192. ಅದರ ಕೆಳಗಿನ ಮೆಟ್ಟಿಲು 4096, ಅದರ ಕೆಳಗೆ ಸೊನ್ನೆ. ಕದಿಯಲು ಬಂದವನು ಸೊನ್ನೆಗೆ ಹೋಗದೆ ಒಂದೇ ಮೆಟ್ಟಿಲು ಇಳಿದು, ಕೊನೆಯದನ್ನು ಖಾಲಿ ಬಿಟ್ಟಿದ್ದ.

“ಸೊನ್ನೆಗೆ ಕೈ ಹಾಕ್ಬೇಡ ತಮ್ಮಾ. ನಾಳೆ ಇದಕ್ಕಿಂತ ದೊಡ್ಡ ಸ್ವಿಚ್ ಬಂದ್ರೆ ಅದನ್ನ ಎಲ್ಲಿ ಕೂರಿಸ್ತೀಯಾ? ಕೆಳಗೆ ಒಂದು ಮೆಟ್ಟಿಲು ಯಾವಾಗ್ಲೂ ಬಿಟ್ಟಿರು.”

ನನಗೆ ಹಾಗೆ ಕಲಿಸಿದ್ದು ಮೇಷ್ಟ್ರು. ನನಗಿಂತ ಮೊದಲು ಈ ಕೋಣೆಯಲ್ಲಿ ಕೂತಿದ್ದವರು, ಮೂರು ವರ್ಷದ ಹಿಂದೆ ನಿವೃತ್ತರಾದವರು. ಪಾಠ ಹೇಳುವ ಹುಚ್ಚಿದ್ದದ್ದರಿಂದ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

ಇನ್ನೂ ಒಂದಿತ್ತು. ಹೊಸಬ ಯಾರಾದರೂ ‘ನಾನೇ ಯಜಮಾನ’ ಎಂದು ಬಂದರೆ ಒಳಗೆ ಬಿಡಬೇಡ ಎಂಬ ಕಾವಲನ್ನು ಪ್ರತಿ ಸ್ವಿಚ್ಚಿನ ಎಲ್ಲ ತೂತಿಗೂ ಹಾಕಿದ್ದೇನೆ, ಇಪ್ಪತ್ತಮೂರನೆಯದನ್ನು ಬಿಟ್ಟು. ನಮ್ಮ ಪರೀಕ್ಷೆಗೆ ನಮಗೊಂದು ದಾರಿ ಬೇಕು ಎಂದು ಹಾಗೆ ಬಿಡುವ ಚಾಳಿ ಮೇಷ್ಟ್ರದ್ದು, ಅವರಿಂದ ನನಗೆ ಬಂದದ್ದು. ತಪ್ಪು ಎಂದು ಗೊತ್ತಿದ್ದೂ ಬಿಟ್ಟಿದ್ದೆ. ಬಟ್ಟೆ ಕೋಣೆಯ ಕೇಬಲ್ ಬಂದು ಕೂತದ್ದು ನೆಲಮಹಡಿಯ ಇಪ್ಪತ್ತಮೂರನೇ ತೂತಿಗೇ.

ಆ ತೂತಿನ ವಿಚಾರ ಲೋಕದಲ್ಲಿ ಇಬ್ಬರಿಗೆ ಗೊತ್ತು. ಅವರಲ್ಲಿ ಒಬ್ಬ ನಾನು, ಮತ್ತು ನಾನು ಕದ್ದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಲ್ಕು ಗಂಟೆಗೆ ಸಿಸ್ಟರ್ ಉಳಿಯಬೇಕಾದರೆ ನಾನು ಮೇಷ್ಟ್ರ ಹೆಸರು ಹೇಳಬೇಕು.

ಗಡಿಯಾರದಲ್ಲಿ ಮೂರು ಗಂಟೆ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮೇಷ್ಟ್ರ ಮನೆ ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆ. ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷದ ದಾರಿ ನಡೆದು ನನಗೆ ಬಹಳ ಕಾಲವಾಗಿತ್ತು. ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆ.

ಬಾಗಿಲು ತೆರೆದ ಮೇಷ್ಟ್ರು ಕೋಲು ಊರಿಕೊಂಡಿದ್ದರು. ಗಡ್ಡ ಬೆಳೆದಿತ್ತು.

“ಓಹೋ, ತಮ್ಮ. ದಾರಿ ತಪ್ಪಿ ಬಂದ್ಯಾ?”

“ಬಹಳ ದಿನ ಆಯ್ತು ಮೇಷ್ಟ್ರೇ. ಕೆಲಸ...”

“ಹತ್ತು ತಿಂಗಳು. ಕೂತ್ಕೋ.”

ಮುಂಗೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದರ ಮೇಲೆ ಮಡಿಸದ ಬಟ್ಟೆ ರಾಶಿ ಬಿದ್ದಿತ್ತು. ಒಳಗಿನ ಕೋಣೆಯ ಬಾಗಿಲು ಓರೆಯಾಗಿತ್ತು. ನಾನು ಮಾತು ಬೆಳೆಸದೆ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ತುದಿಯಿಂದ ಅದರ ಧೂಳು ಒರೆಸಿದರು.

“ಇದರ ಫ್ಯಾನ್ ಸದ್ದು ಮಾಡ್ತಿತ್ತು. ಒಂದು ಹನಿ ಎಣ್ಣೆ ಬಿಟ್ಟಿದ್ದೆ.”

ನಾನು ಕೇಳದೇ ಒಪ್ಪಿಕೊಂಡುಬಿಟ್ಟಿದ್ದರು. ವಾದ ಮಾಡಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ದಂಡವಾಯಿತು.

“ಸೊನ್ನೆ ಇಟ್ಟಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

“ಗೊತ್ತು. ಸೊನ್ನೆ ಅಂತಲೇ ಟೈಪ್ ಮಾಡಿದೆ. ಕೈ ಒಪ್ಪಲಿಲ್ಲ ಕಣೋ, ಅಳಿಸಿದೆ.” ನಗಲು ನೋಡಿದರು. “ಮೂವತ್ತು ವರ್ಷದ ಕೈ. ಕಳ್ಳತನ ಮಾಡು ಅಂದ್ರೆ ಮಾಡ್ತು, ಕೆಲಸ ಕೆಡಿಸು ಅಂದ್ರೆ ಒಪ್ಪಲಿಲ್ಲ.”

“ಯಾಕೆ ಮೇಷ್ಟ್ರೇ?”

ಅವರು ಗದ್ದ ಎತ್ತಿ ಒಳಗಿನ ಕೋಣೆಯ ಕಡೆ ತೋರಿಸಿದರು.

“ನಿನ್ನ ಅಕ್ಕ.”

ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ವರ್ಷ ಈ ಮನೆಯಲ್ಲೇ ಉಂಡಿದ್ದೇನೆ.

“ಏನಾಗಿದೆ?”

“ಕ್ಯಾನ್ಸರ್. ಮೂಳೆಗೆ ಇಳಿದಿದೆ. ಏಳು ತಿಂಗಳಾಯ್ತು ಮಲಗಿ. ನೋವು ಬಂದಾಗ ಅವಳು ಕೂಗಲ್ಲ ಕಣೋ, ತಲೆದಿಂಬು ಕಚ್ಚಿಕೊಳ್ತಾಳೆ. ಆ ಇಂಜೆಕ್ಷನ್ ಕೊಟ್ರೆ ಮೂರ್ನಾಲ್ಕು ಗಂಟೆ ನಿದ್ದೆ. ವಾರ್ಡಿಗೆ ಸೇರಿಸಿದ್ರೆ ಕೊಡ್ತೀವಿ, ಮನೆಗೆ ಕೊಡಲ್ಲ ಅಂದ್ರು. ಇವಳು ವಾರ್ಡಿಗೆ ಹೋಗಲ್ಲ ಅಂದ್ಲು. ನಾನು ಯಾರ ಮಾತು ಕೇಳ್ಲಿ?”

“ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ಬರ್ಲೇ ಇಲ್ಲ, ತಮ್ಮಾ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನನಗೆ ನಾಚಿಕೆಯಾಯಿತು. ನನಗಾರೂ ಇಲ್ಲ ಎಂದು ಊರಿಗೆಲ್ಲ ಮುಖ ಬಾಡಿಸಿಕೊಂಡು ತಿರುಗುತ್ತಿದ್ದವನು ನಾನು. ಹತ್ತು ನಿಮಿಷದ ದಾರಿಯಲ್ಲಿ ಇಬ್ಬರು ನನಗಾಗಿ ಬಾಗಿಲು ನೋಡಿಕೊಂಡು ಕೂತಿದ್ದರು.

ಆದರೂ ಪತ್ತೇದಾರಿಕೆಯ ಹುಳು ಒಮ್ಮೆ ಹೊಕ್ಕರೆ ಸುಮ್ಮನಿರುವುದಿಲ್ಲ.

“ಪ್ಲಗ್ ಕಿತ್ತಿದ್ದು ನೀವು, ನೆಲಮಹಡಿಯಲ್ಲಿ. ಔಷಧಿ ಇದ್ದದ್ದು ನಾಲ್ಕನೇ ಮಹಡೀಲಿ. ಈ ಮಂಡಿ ಇಟ್ಕೊಂಡು ಐವತ್ತು ಸೆಕೆಂಡಲ್ಲಿ ಹತ್ತಿ ಇಳಿದ್ರಾ?”

ಅವರು ಮಂಡಿ ನೀವಿಕೊಂಡರು.

“ಬಟ್ಟೆ ಕೊಳವೆ,” ಎಂದೆ. “ಮೇಲಿಂದ ಯಾರೋ ಬಿಟ್ರು, ಕೆಳಗೆ ನೀವು ಹಿಡ್ಕೊಂಡ್ರಿ. ಯಾರದು?”

“ನಾನೊಬ್ಬನೇ.”

“ಮೇಷ್ಟ್ರೇ.”

“ಒಬ್ಬನೇ ಅಂದ್ನಲ್ಲ. ಸಮಿತಿಗೆ ಹೋಗಿ ನನ್ನ ಹೆಸರು ಹೇಳು. ಇಲ್ಲಿಗೆ ಬಿಡು.”

“ಯಾರ್ರೀ ಅದು ಬಂದಿರೋದು? ದನಿ ಕೇಳಿದ ಹಾಗಿದೆ.” ಒಳಗಿನಿಂದ ಅಕ್ಕನ ದನಿ. ಸಣ್ಣಗಾಗಿತ್ತು, ಆದರೆ ಅದೇ ದನಿ.

ಮೇಷ್ಟ್ರು ತಡೆಯುವ ಮೊದಲೇ ಎದ್ದು ಒಳಗೆ ಹೋದೆ. ಮಂಚದ ಮೇಲೆ ಅಕ್ಕ ಹೊದಿಕೆಯ ಒಂದು ಮಡಿಕೆಯಷ್ಟೇ ಇದ್ದಳು. ಕೈ ಹಿಡಿದುಕೊಂಡೆ. ಬಿಸಿಯಾಗಿತ್ತು.

“ಬಂದ್ಯಾ? ಸೊರಗಿದ್ದೀಯಲ್ಲೋ. ಒಬ್ಬನೇ ಇದ್ರೆ ಹೀಗೇ.” ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು, “ನಿಮ್ಮ ಆಸ್ಪತ್ರೆ ಸಿಸ್ಟರ್‌ಗೆ ಹುಷಾರಿಲ್ವೇನೋ? ಎರಡು ದಿನಕ್ಕೊಮ್ಮೆ ಬಂದು ಬೆನ್ನು ಒರೆಸಿ, ತಲೆ ಬಾಚಿ ಹೋಗೋರು. ಮಂಗಳವಾರದಿಂದ ಈಚೆಗೆ ಬಂದೇ ಇಲ್ಲ. ನಾಲ್ಕನೇ ಮಹಡೀಲಿ ಕೆಲಸ ಅಂತಿದ್ರು. ನಿಂಗೆ ಗೊತ್ತಿರ್ಬೇಕಲ್ಲ?”

“ಗೊತ್ತು ಅಕ್ಕಾ,” ಎಂದೆ. ಬೇರೆ ಏನು ಹೇಳಲಿ?

ಬಟ್ಟೆ ಕೋಣೆಯಲ್ಲಿ ಕೊಳವೆಯ ಬಾಯಿ ನೋಡಿದಾಗಲೇ ಮೇಲೆ ಒಬ್ಬರು ಇರಲೇಬೇಕು ಎಂದು ಹೊಳೆದಿತ್ತು. ಆ ಯೋಚನೆಯನ್ನು ಬೇಕೆಂದೇ ಅಲ್ಲಿಗೇ ಬಿಟ್ಟಿದ್ದೆ. ಔಷಧಿ ಕೋಣೆಯೊಳಗೆ ಆ ಹೊತ್ತಿಗೆ ಇದ್ದವಳು ಒಬ್ಬಳೇ. ಅವಳು ರೋಗಿಗಳ ಕಡೆ ಓಡಿದ್ದು ನಿಜ. ಓಡುವ ಮೊದಲು ಏನು ಮಾಡಿದಳೆಂದು ನಾನು ಕೇಳಿರಲಿಲ್ಲ.

ಈಚೆಗೆ ಬಂದಾಗ ಮೇಷ್ಟ್ರು ಮೇಜಿನ ಮುಂದೆ ಕೂತು ಹಾಳೆಯ ಮೇಲೆ ಬರೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಸಿಸ್ಟರ್ ಹೆಸರು ಬರ್ಬಾರ್ದು, ತಮ್ಮಾ. ಎರಡು ಮಕ್ಕಳನ್ನ ಒಬ್ಬಳೇ ಸಾಕ್ತಿದ್ದಾಳೆ. ಇವಳ ನೋವು ನೋಡಕ್ಕಾಗದೆ ಒಪ್ಪಿಕೊಂಡ್ಳು, ಅಷ್ಟೆ. ತಗೋ. ಎಲ್ಲ ನಾನೇ ಮಾಡಿದ್ದು ಅಂತ ಬರೆದು ಸಹಿ ಹಾಕಿದ್ದೀನಿ. ಮೆಟ್ಟಿಲು ಹೇಗೆ ಹತ್ತಿದೆ ಅಂತ ಯಾರೂ ಕೇಳಲ್ಲ, ನಿನ್ನಷ್ಟು ಬುದ್ಧಿ ಅಲ್ಲಿ ಯಾರಿಗಿದೆ?”

ಹಾಳೆ ಕೈಗೆ ಬಂತು. ಅಕ್ಷರ ಮುತ್ತಿನ ಹಾಗಿತ್ತು. ನಿಜ ಹೇಳುತ್ತೇನೆ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಿಸ್ಟರ್ ಉಳಿದಳು, ನಾನು ಯಾರ ಮೇಲೂ ದೂರು ಹೇಳಬೇಕಿಲ್ಲ. ಎಂಥ ಮೂರ್ಖ ನಾನು!

“ಔಷಧಿ ಎಲ್ಲಿದೆ?” ಎಂದೆ. “ವಾಪಸ್ ಕೊಟ್ರೆ ಶಿಕ್ಷೆ ಕಡಿಮೆಯಾಗ್ಬಹುದು.”

ಅವರು ಮೇಜಿನ ಡ್ರಾಯರ್ ಎಳೆದು ಒಂದು ಸಣ್ಣ ಡಬ್ಬ ತೆಗೆದರು. ಹತ್ತಿಯ ಮೇಲೆ ಆರು ಸೀಸೆ.

“ಕೊಳವೆಯಿಂದ ಬಂದಿದ್ದು ಇಷ್ಟೇ.”

“ಪೆಟ್ಟಿಗೇಲಿ ನಲವತ್ತಿತ್ತು.”

“ನನ್ನ ಕೈಗೆ ಸಿಕ್ಕಿದ್ದು ಆರು, ತಮ್ಮಾ. ಮಿಕ್ಕಿದ್ದು ನಂಗೊತ್ತಿಲ್ಲ.” ನನ್ನ ಮುಖ ನೋಡದೆ ಕೋಲು ಊರಿ ಎದ್ದರು. “ಅವಳಿಗೆ ನೀರು ಕೊಟ್ಟು ಬರ್ತೀನಿ. ನಿನಗೆ ಹೊತ್ತಾಯ್ತು, ಹೊರಡು. ಸಮಿತಿ ಮುಂದೆ ತಲೆ ತಗ್ಗಿಸಿ ನಿಲ್ಬೇಡ.”

ಹೋಗುತ್ತ ಒಂದು ಗಳಿಗೆ ನಿಂತು ನನ್ನ ತಲೆಯ ಮೇಲೆ ಕೈಯಿಟ್ಟರು. ಹಿಂದೆಂದೂ ಹಾಗೆ ಮಾಡಿದವರಲ್ಲ.

ಮೂವತ್ನಾಲ್ಕು ಸೀಸೆ. ಹಾಗಾದರೆ ಸಿಸ್ಟರ್ ಪೆಟ್ಟಿಗೆ ಒಡೆದು ಆರನ್ನು ಕರುಣೆಗೆಂದು ಕೊಟ್ಟು, ಉಳಿದದ್ದನ್ನು ತಾನಿಟ್ಟುಕೊಂಡಳೇ? ಎರಡು ಮಕ್ಕಳಂತೆ. ಒಬ್ಬಳೇ ಅಂತೆ. ಊಟ ಆಯ್ತಾ ಎಂದು ಕೇಳುತ್ತಿದ್ದದ್ದೂ ಲೆಕ್ಕಾಚಾರವೇ? ನನಗೆ ಅಳು ಬಂತು, ಅಳಲಿಲ್ಲ.

ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿತು. ಸಿಸ್ಟರ್.

“ಸಾರ್, ಬರ್ತಿದ್ದೀರಲ್ವಾ? ಎಲ್ರೂ ಬಂದು ಕೂತಾಯ್ತು. ಬೇಗ ಬನ್ನಿ.”

“ನಾನು ಮೇಷ್ಟ್ರ ಮನೇಲಿದ್ದೀನಿ.”

ಆ ಕಡೆ ಅವಳು ಅತ್ತುಬಿಟ್ಟಳು.

“ನಿಮ್ಮ ಹತ್ರ ಸುಳ್ಳು ಹೇಳಿದ್ದು ತಪ್ಪು ಸಾರ್. ಅವತ್ತಿಂದ ನಿದ್ದೆ ಇಲ್ಲ ನಂಗೆ. ಅಮ್ಮನವರು ಹೇಗಿದ್ದಾರೆ?”

“ಮಿಕ್ಕ ಮೂವತ್ನಾಲ್ಕು ಎಲ್ಲಿ, ಸಿಸ್ಟರ್?”

“ಯಾವ ಮೂವತ್ನಾಲ್ಕು?”

“ನೀವು ಕೊಟ್ಟಿದ್ದು ಆರು. ಪೆಟ್ಟಿಗೇಲಿ ಇದ್ದದ್ದು ನಲವತ್ತು.”

“ಆರಾ?” ಅಳು ನಿಂತುಹೋಯಿತು. “ಐವತ್ತು ಸೆಕೆಂಡಲ್ಲಿ ಪೆಟ್ಟಿಗೆ ಒಡೆದು ಎಣಿಸೋಕೆ ಎಲ್ಲಿ ಸಾರ್ ಆಗತ್ತೆ? ಪೂರ್ತಿ ಪೆಟ್ಟಿಗೇನೇ ಬಿಟ್ಟೆ. ಸೀಲ್ ಕೂಡ ಒಡೆದಿರ್ಲಿಲ್ಲ. ನೀವು ಮುಟ್ಬೇಡಿ ಮೇಷ್ಟ್ರೇ, ಎಷ್ಟು ಕೊಡ್ಬೇಕೋ ಅಷ್ಟನ್ನ ನಾನೇ ಬಂದು ಕೊಡ್ತೀನಿ ಅಂತ ಆಣೆ ಹಾಕಿಸ್ಕೊಂಡಿದ್ದೆ. ಆಮೇಲೆ ನಂಗೆ ಹೋಗೋಕೇ ಆಗ್ಲಿಲ್ಲ...” ದನಿ ಒಮ್ಮೆಲೇ ಕಿರುಚಾಟಕ್ಕೇರಿತು. “ಸಾರ್, ಮೇಷ್ಟ್ರು ಎಲ್ಲಿ? ನಿಮ್ಮ ಕಣ್ಣೆದುರಿಗೇ ಇದ್ದಾರಾ?”

ನಾನು ಕೈಯಲ್ಲಿದ್ದ ಹಾಳೆ ನೋಡಿದೆ. ಸಹಿಯ ಕೆಳಗೆ ಇನ್ನೆರಡು ಸಾಲುಗಳಿದ್ದವು. ಓದದೇ ಬಿಟ್ಟಿದ್ದೆ.

‘ನಮ್ಮಿಬ್ಬರಿಗೂ ಹಿಂದೆ ಮುಂದೆ ಯಾರಿಲ್ಲ. ಮನೆಯ ಬೀಗದ ಕೈ ಸೈಕಲ್ ಅಂಗಡಿಯಲ್ಲಿ ಕೊಟ್ಟಿದ್ದೇನೆ.’

ಒಳಗಿನ ಕೋಣೆಯ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಮಿಕ್ಕ ಮೂವತ್ನಾಲ್ಕೂ ಆ ಬಾಗಿಲ ಹಿಂದಿದ್ದವು.

ಕುರ್ಚಿ ಉರುಳಿಸಿಕೊಂ‍ಡು ಓಡಿ ಭುಜ ಕೊಟ್ಟು ಗುದ್ದಿದೆ. ಹಳೆಯ ಕಾಲದ ದಪ್ಪ ಬಾಗಿಲು, ಅಲ್ಲಾಡಲಿಲ್ಲ. “ಮೇಷ್ಟ್ರೇ! ನಾನಿದ್ದೀನಿ, ಮೇಷ್ಟ್ರೇ, ನಾನು ಹೋಗಿಲ್ಲ, ತೆಗೀರಿ!” ಎಂದು ಕೂಗಿದೆ.

ಒಳಗಿನಿಂದ ಅಕ್ಕ ಮಾತಾಡುವುದು ಕೇಳಿಸಿತು.

“ಯಾಕ್ರೀ ಬಾಗಿಲು ಹಾಕಿದ್ರಿ? ಅವನಿನ್ನೂ ಅಲ್ಲೇ ಇದ್ದಾನಲ್ಲ.”